ಆ ಶುಕ್ರವಾರದ ಪ್ರಸಂಗ

ಬೇತ್ ಜಾಲಾ
24 ಅಕ್ಟೋಬರ್ 2016, ಸೋಮವಾರ

ಪ್ರೀತಿಯ ಬಿಶಾರಾ,

ನಿನ್ನ ಮಂಡಿನೋವು ಹೇಗಿದೆ? ಬೆಳಗಿನ ಮಾತ್ರೆ ತಿಂಡಿಗೆ ಮುಂಚೆ, ರಾತ್ರಿಯದು ಊಟವಾದ ಮೇಲೆ. ನೀನು ತಿರುವುಮುರುವು ಮಾಡಿಕೊಳ್ಳುತ್ತೀಯೆಂದು ಗೊತ್ತಿದ್ದೇ ಒಂದು ಡಬ್ಬಿಯ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ ಬರೆದು ಕಳಿಸಿದ್ದೆ. ಆ ಜರ್ಮನಿಯವರು ರಾತ್ರಿ ತಣ್ಣನೆಯ ಬ್ರೆಡ್ಡು ಮತ್ತು ಚೀಸ್ ಇಟ್ಟು ಅದನ್ನೇ ಊಟ ಎನ್ನುತ್ತಾರಲ್ಲ, ಅದರ ಮೇಲೆ ಮಾತ್ರೆ ಹೇಗೆ ಕೆಲಸ ಮಾಡುತ್ತದೋ ದೇವರೇ ಬಲ್ಲ. ಮೊನ್ನೆ ಫೋನಿನಲ್ಲಿ ನೀನು ಮೂರು ಸಲ ‘ಎಲ್ಲಾ ಚೆನ್ನಾಗಿದೆ’ ಅಂದೆ. ಒಂದೇ ಸಲ ಅಂದಿದ್ದರೆ ನಂಬುತ್ತಿದ್ದೆ. ನಾನು ಚೆನ್ನಾಗಿದ್ದೇನೆ. ಬಲಗೈ ಬೆರಳಿನ ಕೀಲು ಸ್ವಲ್ಪ ಊದಿದೆ, ಅದಕ್ಕೇ ಅಕ್ಷರ ಕೋಳಿಕಾಲು ಆಗಿದೆ. ಫೋನಿನಲ್ಲಿ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುವುದು ನಿನಗೆ ರೂಢಿಯಾಗಿದೆ, ಕಾಗದವನ್ನು ಹಾಗೆ ಕತ್ತರಿಸಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯ ಸಂಗೀತದ ಟೀಚರ್ ಜಾನೆಟ್ ನಾಳೆ ಬೆಳಿಗ್ಗೆ ಗಡಿಯ ಸೇತುವೆ ದಾಟಿ ಅಮ್ಮಾನಿಗೆ ಹೋಗಿ, ಅಲ್ಲಿಂದ ನಿನ್ನ ಕಡೆಗೇ ವಿಮಾನ ಹತ್ತುತ್ತಾಳೆ. ಬುಧವಾರ ಮಧ್ಯಾಹ್ನದೊಳಗೆ ಈ ಕಾಗದ, ಚರ್ಚಿನಲ್ಲಿ ನೀನು ಮಾಡಿದ ಪ್ರಸಂಗಗಳ ಕಟ್ಟು, ಒಂದು ಡಬ್ಬ ಝಾತರ್ ಪುಡಿ ಎಲ್ಲವೂ ನಿನ್ನ ಕೈ ಸೇರುತ್ತವೆ. ಪುಡಿಯನ್ನು ಆ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನು.

ಈ ಸಲ ಆಲಿವ್ ಕೈಕೊಟ್ಟಿದೆ. ಹೋದ ವರ್ಷ ಹೊರಲಾರದಷ್ಟು ಬಿಟ್ಟಿದ್ದ ಮರಗಳು ಈ ವರ್ಷ ಮುನಿಸಿಕೊಂಡ ಹೆಂಡತಿಯ ಹಾಗೆ ನಿಂತಿವೆ. ಸೈನ್ಯದವರು ಕಟ್ಟಿದ ಗೋಡೆಯ ಆಚೆಗಿನ ನಮ್ಮ ತೋಟದ ತುಂಡಿಗೆ ಗೇಟು ಎರಡೇ ದಿನ ತೆರೆದರು. ಮೊದಲ ದಿನ ಪರವಾನಗಿಯಲ್ಲಿ ನಿನ್ನ ಹೆಸರಿದೆ, ನನ್ನದಿಲ್ಲ ಎಂದು ವಾಪಸ್ ಕಳಿಸಿದರು. ನನ್ನ ಅಪ್ಪನ ಮರ, ನನ್ನ ಅಪ್ಪ ನೆಟ್ಟಿದ್ದು, ಪರವಾನಗಿ ಮಾತ್ರ ಅಳಿಯನಿಗೆ! ನೀನು ಈಸ್ಟರಿನ ಪ್ರಸಂಗದಲ್ಲಿ ಹೇಳಿದ್ದೂ ಇದನ್ನೇ ತಾನೆ? ನಮ್ಮ ಮರಕ್ಕೆ ನಾವು ಹೋಗುವುದು ನಮ್ಮ ಹಕ್ಕು, ಅದನ್ನು ಕೇಳುವುದು ಯಾರ ಮೇಲಿನ ದ್ವೇಷವೂ ಅಲ್ಲ ಅಂತ. ಅದನ್ನೇ ನೀನೀಗ ಇರುವ ಊರಿನ ಪತ್ರಿಕೆಯವನು ಹಿಂದು ಮುಂದು ಕತ್ತರಿಸಿ, ‘ಯೆಹೂದಿ ದ್ವೇಷಿ ಪಾದ್ರಿಗೆ ನಮ್ಮ ಸಭೆಯ ಆತಿಥ್ಯ’ ಎಂದು ಬರೆದನಂತೆ. ಅಲ್ಲಿನ ನಿನ್ನ ಭಾಷಣಗಳನ್ನೆಲ್ಲ ನಿಲ್ಲಿಸಿ, ಗುರುವಾರ ಬಂದು ಉತ್ತರ ಹೇಳು, ಇದುವರೆಗಿನ ಪ್ರಸಂಗಗಳನ್ನೂ ತಾ ಎಂದು ಅಲ್ಲಿನ ಸಭೆಯ ಹಿರಿಯರು ಕೇಳಿದ್ದಾರೆ. ಆ ಮಾತು ನಿನ್ನ ಹೆಸರಿಗೆ ಒಮ್ಮೆ ಅಂಟಿಕೊಂಡರೆ ಮುಂದೆ ಎಲ್ಲಿಯೂ ನಿನ್ನನ್ನು ನಿಂತು ಮಾತಾಡಲು ಬಿಡುವುದಿಲ್ಲ. ನಮ್ಮ ಮರಗಳ ಮಾತು ಅಲ್ಲಿಗೇ ನಿಲ್ಲುತ್ತದೆ. ಇದು ನನಗೆ ಗೊತ್ತಿಲ್ಲದೆ ಇಲ್ಲ. ಆದ್ದರಿಂದ ಮುಂದಿನದನ್ನು ಓದುವಾಗ, ಇವಳಿಗೆ ಏನೂ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ.

ನೀನು ಹೇಳಿದ ಹಾಗೆ ಬುಧವಾರ ಕಪಾಟು ತೆರೆದೆ. ಮೂವತ್ತು ವರ್ಷದ ಪ್ರಸಂಗಗಳು. ಕೆಲವು ಪರೀಕ್ಷೆಯ ಕಾಗದದ ಹಿಂಬದಿಯಲ್ಲಿವೆ, ಒಂದಂತೂ ನನ್ನ ಏಳನೇ ತರಗತಿಯ ಮಕ್ಕಳು ಭಿನ್ನರಾಶಿ ಮಾಡಿದ್ದರ ಹಿಂದೆ. ಎಲ್ಲವನ್ನೂ ವರ್ಷವಾರು ಜೋಡಿಸಿದೆ, ಓದಿಯೂ ಓದಿದೆ. ಎಷ್ಟೋ ಚೆನ್ನಾಗಿವೆ ಬಿಶಾರಾ. ಕೂತು ಕೇಳುವಾಗ ಮನೆಯಲ್ಲಿ ಒಲೆಯ ಮೇಲಿಟ್ಟು ಬಂದ ಪಾತ್ರೆಯದೇ ಯೋಚನೆ ಇರುತ್ತಿತ್ತು, ಓದಿದಾಗಲೇ ಗೊತ್ತಾಗಿದ್ದು. ನೀನು ಫೋನಿನಲ್ಲಿ ಒಂದು ಮಾತು ಹೇಳಿದ್ದೆ, ನೆನಪಿದೆಯಾ? ‘ಎಂಬತ್ತೊಂಬತ್ತರದ್ದು ಹುಡುಕೋಕೆ ಹೋಗ್ಬೇಡ ವಿದಾದ್, ಅದನ್ನ ಆವಾಗ್ಲೇ ಇಲಿ ತಿಂದಿತ್ತು.’ ನಮ್ಮ ಮನೆಯ ಇಲಿಗಳು ಅಷ್ಟು ಭಕ್ತಿವಂತ ಇಲಿಗಳಲ್ಲ. ಎಂಬತ್ತೊಂಬತ್ತರ ಕಟ್ಟು ಒಂದು ಮೂಲೆಯೂ ಹರಿಯದೆ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಕಥೆ. ನೀನು ಬೇಡ ಅನ್ನದಿದ್ದರೆ ನಾನು ಅದನ್ನು ಓದದೆಯೇ ಕಟ್ಟಿಬಿಡುತ್ತಿದ್ದೆನೇನೋ.

ಸ್ವಾಮಿಯನ್ನು ಶಿಲುಬೆಗೆ ಹಾಕಿದ ಶುಭ ಶುಕ್ರವಾರದ್ದು ಅದು. ಅದರ ಹಿಂದಿನ ಬುಧವಾರ ಸುಹೈಲನನ್ನು ಮಣ್ಣು ಮಾಡಿದ್ದೆವು. ಹತ್ತೊಂಬತ್ತು ವರ್ಷದವನು, ನಮ್ಮ ಗಾನವೃಂದದಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲಿನವನು. ಕರ್ಫ್ಯೂ ಬಿಟ್ಟ ಒಂದು ಗಂಟೆಯಲ್ಲಿ ಬ್ರೆಡ್ಡು ತರಲು ಹೋದವನಿಗೆ ಸೈನಿಕರು ಗುಂಡು ಹೊಡೆದರು. ಅವನ ಮೈ ತೊಳೆದವನು ನೀನೇ. ಮನೆಗೆ ಬಂದವನು ಎರಡು ದಿನ ಊಟ ಮಾಡಲಿಲ್ಲ. ಶುಕ್ರವಾರ ನೀನು ಪ್ರಸಂಗಪೀಠ ಹತ್ತಿದೆ. ಸುಹೈಲನ ಬಗ್ಗೆ ಹೇಳಿದ್ದೆಲ್ಲ ನಿಜ, ಸೈನಿಕರ ಬಗ್ಗೆ ಹೇಳಿದ್ದೂ ನಿಜ. ಆಮೇಲೆ ಈ ಸಾಲುಗಳಿವೆ, ನಿನ್ನದೇ ಅಕ್ಷರ: ‘ಅಂದು ನಮ್ಮ ಸ್ವಾಮಿಯನ್ನು ಕೊಂದ ಕುಲವೇ ಇಂದು ನಮ್ಮ ಸುಹೈಲನನ್ನು ಕೊಂದಿದೆ. ಆ ರಕ್ತ ಅವರ ಮೇಲೂ ಅವರ ಮಕ್ಕಳ ಮೇಲೂ ಇದೆ. ಅದು ಎಂದೆಂದಿಗೂ ತೊಳೆದುಹೋಗದಿರಲಿ.’ ನನಗೆ ಆ ದಿನ ಚೆನ್ನಾಗಿ ನೆನಪಿದೆ. ಮುಂದಿನ ಸಾಲಿನಲ್ಲಿ ಕೂತಿದ್ದೆ. ಸಭೆಯೆಲ್ಲ ಅಳುತ್ತಿತ್ತು. ನಾನು ತಲೆಯಾಡಿಸಿದೆ. ಆಮೇಲೆ ಬಾಗಿಲಲ್ಲಿ ಎಲ್ಲರೂ ನಿನ್ನ ಕೈಗೆ ಮುತ್ತಿಟ್ಟರು. ಯಾರೂ ದೂರಲಿಲ್ಲ, ಯಾವ ಪತ್ರಿಕೆಯೂ ಬರೆಯಲಿಲ್ಲ. ನಿನ್ನನ್ನು ಈಗ ದೂರುತ್ತಿರುವವರು ತಪ್ಪಾದ ಪ್ರಸಂಗ ಹಿಡಿದುಕೊಂಡಿದ್ದಾರೆ ಬಿಶಾರಾ. ಸರಿಯಾದದ್ದು ನಮ್ಮ ಕಪಾಟಿನಲ್ಲೇ ಇತ್ತು.

ಅಬು ಜಿರ್ಯೆಸ್ ಬಂದಿದ್ದರು. ಸಭೆಯ ಖಜಾಂಚಿ ಆದಮೇಲೆ ನಮ್ಮ ಅಡುಗೆಮನೆಗೂ ತಾವೇ ಖಜಾಂಚಿ ಅಂದುಕೊಂಡಿದ್ದಾರೆ, ಕೇಳದೆ ಬಿಸ್ಕತ್ತಿನ ಡಬ್ಬ ತೆಗೆಯುತ್ತಾರೆ. ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು, ಇಳಿಸಿದರು. ‘ಅಮ್ಮಾ, ಒಲೆಗ್ ಹಾಕ್ಬಿಡಿ’ ಅಂದರು. ‘ಇಪ್ಪತ್ತೇಳು ವರ್ಷ ಯಾರೂ ಕೇಳಿಲ್ಲ. ಈಗ ನೀವಾಗೇ ಎತ್ತಿ ಅವ್ರ ಕೈಗೆ ಕೊಡ್ತೀರಾ? ಇದೊಂದು ಸಾಲು ಸಿಕ್ರೆ ಸಾಕು ಅವ್ರಿಗೆ, ಗೋಡೆನೂ ಇಲ್ಲ, ಮರಾನೂ ಇಲ್ಲ, ನಾವೇ ಇಲ್ಲ ಅಂದ್ಬಿಡ್ತಾರೆ.’ ಅವರು ಹೇಳಿದ್ದು ಸುಳ್ಳಲ್ಲ. ನಾನು ಕಾಗದವನ್ನು ಒಲೆಯ ತನಕ ತೆಗೆದುಕೊಂಡು ಹೋದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಸುಡುವುದಕ್ಕೆ ಮುಂಚೆ ಸುಹೈಲನ ತಾಯಿಯನ್ನು ಒಂದು ಮಾತು ಕೇಳೋಣ ಅನ್ನಿಸಿತು. ಅಫೀಫಾಗೆ ಈಗ ಕಣ್ಣು ಮಂಜಾಗಿದೆ, ಆದರೂ ದ್ರಾಕ್ಷಿ ಎಲೆ ಸುತ್ತುವುದರಲ್ಲಿ ನನ್ನನ್ನು ನಾಚಿಸುತ್ತಾಳೆ. ನಾನೂ ಕೂತು ಸುತ್ತುತ್ತಾ ವಿಷಯ ಹೇಳಿದೆ. ‘ಅವತ್ತು ಪಾದ್ರಿಗಳು ಅಷ್ಟು ಹೇಳ್ದೇ ಇದ್ದಿದ್ರೆ ನಾನು ಎದೆ ಒಡ್ದು ಸತ್ತೋಗ್ತಿದ್ದೆ ಕಣೇ’ ಅಂದಳು. ಇನ್ನೊಂದು ಎಲೆ ಸುತ್ತಿ ಇಟ್ಟು, ‘ನನ್ ಮಗನ್ನ ಕೊಂದೋನು ಒಬ್ಬ. ಅವನ ಮುಖ ನಾನು ನೋಡಿದೀನಿ, ಗಡ್ಡನೂ ಸರಿಯಾಗಿ ಬಂದಿರ್ಲಿಲ್ಲ. ಅವನನ್ನ ಯಾರಾದ್ರೂ ಹಿಡ್ದು ನಿಲ್ಲಿಸಿ ಕೇಳ್ಲಿ ಅಂತ ಇಷ್ಟು ವರ್ಷ ಕಾದೆ. ಯಾರೂ ಕೇಳ್ಲಿಲ್ಲ. ಅವನ ಅಜ್ಜಿ ಮುತ್ತಜ್ಜಿನೆಲ್ಲಾ ತಗೊಂಡು ನಾನೇನು ಮಾಡ್ಲಿ?’ ಅಂದಳು. ಆಮೇಲೆ ನನ್ನ ಎಲೆಗಳು ಸಡಿಲವಾಗಿವೆಯೆಂದು ಬಿಚ್ಚಿ ಮತ್ತೆ ಸುತ್ತಿದಳು. ಮನೆಗೆ ಬಂದವಳು ಕಾಗದವನ್ನು ಎಂಬತ್ತೊಂಬತ್ತರ ಕಟ್ಟಿಗೆ ವಾಪಸ್ ಸೇರಿಸಿದೆ.

ಇನ್ನು ದ್ರೋರಾ ವಿಷಯ. ಜೆರುಸಲೇಮಿನಿಂದ ತನ್ನ ಮುರುಕು ಕಾರಿನಲ್ಲಿ ಶುಕ್ರವಾರ ಆಲಿವ್ ಆರಿಸಲು ತೋಟಕ್ಕೆ ಬಂದಳು, ಹದಿನೆಂಟು ವರ್ಷದಿಂದ ಬರುವ ಹಾಗೆಯೇ. ಅವತ್ತು ಗೇಟಿನಲ್ಲಿ ಸೈನಿಕ ನನ್ನನ್ನು ಮತ್ತೆ ತಡೆದಾಗ ಅವನ ಮುಂದೆ ಬುಟ್ಟಿ ಮಗುಚಿ ಹಾಕಿಕೊಂಡು ಕೂತಳು. ‘ಇವ್ಳನ್ನ ಬಿಡೋ ತನಕ ನಾನು ಏಳಲ್ಲ. ಎಪ್ಪತ್ಮೂರು ವರ್ಷದ ನರ್ಸ್ ನಾನು, ನಿನ್ನಂಥವ್ರ ಎಷ್ಟು ಜನರ ಹೆರಿಗೆ ಮಾಡ್ಸಿದೀನೋ ಲೆಕ್ಕ ಇಲ್ಲ’ ಅಂದಳಂತೆ ಹೀಬ್ರೂನಲ್ಲಿ, ಆಮೇಲೆ ನನಗೆ ಅರ್ಥ ಹೇಳಿದಳು. ಅವನೇ ನಾಚಿ ಬಿಟ್ಟ. ನಿನಗಾಗಿ ಆ ಹಿರಿಯರಿಗೆ ಪತ್ರ ಬರೆದು ತಂದಿದ್ದಳು. ಬಿಶಾರಾನನ್ನು ಹದಿನೆಂಟು ವರ್ಷದಿಂದ ಬಲ್ಲೆ, ನನ್ನ ಜನರ ವಿರುದ್ಧ ಅವನು ಒಂದೇ ಒಂದು ಮಾತೂ ಆಡಿದವನಲ್ಲ, ನಾನೊಬ್ಬಳು ಯೆಹೂದಿ ಇದನ್ನು ಹೇಳುತ್ತಿದ್ದೇನೆ ಎಂದು. ನಿನ್ನ ಕೈಯಲ್ಲಿ ಆ ಪತ್ರವೊಂದಿದ್ದರೆ ಗುರುವಾರ ಬೇರೇನೂ ಬೇಕಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ನನ್ನ ಕೈಲಾಗಲಿಲ್ಲ ಬಿಶಾರಾ. ಅವಳನ್ನು ಸುಳ್ಳುಗಾರ್ತಿ ಮಾಡಿ ನಿನ್ನನ್ನು ಉಳಿಸಿಕೊಳ್ಳುವುದು ನನ್ನಿಂದಾಗಲಿಲ್ಲ.

ಮರದ ಕೆಳಗೆ ಕೂತು ಆ ಪ್ರಸಂಗವನ್ನು ಅವಳಿಗೆ ಓದಿ ಹೇಳಿದೆ. ನಮ್ಮ ಮಾತು ಅವಳಿಗೆ ಬರುತ್ತದೆ, ನಿನ್ನ ಅಕ್ಷರ ಮಾತ್ರ ಯಾರಿಗೂ ಬರುವುದಿಲ್ಲ. ಆ ಸಾಲುಗಳನ್ನು ಎರಡು ಸಲ ಓದಿಸಿಕೊಂಡಳು. ಅಳಲಿಲ್ಲ, ಕೂಗಾಡಲಿಲ್ಲ. ಆಲಿವ್ ಆರಿಸುತ್ತಲೇ ಹೇಳಿದಳು: ‘ನಮ್ಮಜ್ಜಿ ಹಂಗೇರಿಯ ಹಳ್ಳಿಯವ್ಳು. ನಿಮ್ಮ ಈ ಶುಕ್ರವಾರ ಬಂತು ಅಂದ್ರೆ ಬೆಳಿಗ್ಗೇನೇ ಕಿಟಕಿಗೆಲ್ಲಾ ಹಲಗೆ ಬಡಿತಿದ್ರಂತೆ. ಪ್ರಸಂಗ ಮುಗ್ಸಿ ಬಂದೋರು ಕಲ್ಲು ಹೊಡೀತಿದ್ರಂತೆ. ಪಾದ್ರಿ ಹೇಳ್ತಿದ್ದಿದ್ದು ಇದೇ ಮಾತು. ಅಜ್ಜಿಗೆ ಬಾಯಿಪಾಠ ಆಗಿತ್ತು.’ ಆಮೇಲೆ ಆ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ತನ್ನ ಚೀಲದಲ್ಲಿಟ್ಟುಕೊಂಡಳು. ಸಂಜೆಯವರೆಗೂ ನನ್ನ ಪಕ್ಕದಲ್ಲೇ ಕೆಲಸ ಮಾಡಿದಳು. ಆರಿಸಿದ್ದನ್ನೆಲ್ಲ ಗೇಟಿನ ತನಕ ತಾನೇ ಹೊತ್ತಳು. ಹೋಗುವಾಗ ಎಂದಿನಂತೆ ಕೆನ್ನೆಗೆ ಮುತ್ತಿಡಲಿಲ್ಲ. ನನಗೆ ತುಂಬಾ ಸಂಕಟವಾಯಿತು, ಇವತ್ತಿಗೂ ಆಗುತ್ತಿದೆ.

ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ನಾನು ಮೂವತ್ತು ವರ್ಷ ಲೆಕ್ಕ ಕಲಿಸಿದವಳು. ಮಕ್ಕಳು ಉತ್ತರ ಸರಿ ಬರೆದು ಮಧ್ಯದ ಒಂದು ಹೆಜ್ಜೆ ಮುಚ್ಚಿಟ್ಟರೆ ಅಂಕ ಕೊಡುತ್ತಿರಲಿಲ್ಲ. ಈಸ್ಟರಿನಲ್ಲಿ ನೀನು ಹೇಳಿದ್ದು ಸರಿ, ಅದರ ಒಂದಕ್ಷರವನ್ನೂ ಹಿಂದೆ ತೆಗೆದುಕೊಳ್ಳಬೇಡ, ಅವರು ಮೇಜು ಕುಟ್ಟಿದರೂ ತೆಗೆದುಕೊಳ್ಳಬೇಡ. ಹಕ್ಕು ಕೇಳಿದವನನ್ನೆಲ್ಲ ದ್ವೇಷಿ ಅಂದರೆ ಈ ಭೂಮಿಯ ಮೇಲೆ ಯಾರು ತಾನೇ ಬಾಯಿ ಬಿಟ್ಟಾರು? ಆದರೆ ಶುಕ್ರವಾರದ ಆ ಮೂರು ಸಾಲು ದ್ವೇಷವೇ. ಅದಕ್ಕೆ ಬೇರೆ ಹೆಸರಿಲ್ಲ. ದುಃಖದಲ್ಲಿ ಆಡಿದ್ದು ಎಂಬುದು ನನಗೆ ಗೊತ್ತು, ನಿನ್ನ ಪಕ್ಕದಲ್ಲಿದ್ದವಳು ನಾನು. ಅದು ಕಟ್ಟಿನಲ್ಲಿ ತನ್ನ ವರ್ಷದ ಜಾಗದಲ್ಲೇ ಇದೆ, ಮೇಲೆಯೂ ಇಟ್ಟಿಲ್ಲ, ಅಡಿಗೂ ತುರುಕಿಲ್ಲ. ಅದರ ಕೆಳಗೆ ‘ಅಂದು ನಾನೂ ತಲೆಯಾಡಿಸಿದೆ’ ಎಂದು ಬರೆದು ಸಹಿ ಹಾಕಿದ್ದೇನೆ. ತೆಗೆಯಲೇಬೇಕು ಅನ್ನಿಸಿದರೆ ನಿನ್ನ ಕೈಯಾರೆ ನೀನೇ ತೆಗೆ. ನನ್ನ ಕೈಯಿಂದ ಆಗಲಿಲ್ಲ.

ಅಫೀಫಾ ನಿನ್ನನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ. ಅಬು ಜಿರ್ಯೆಸ್ ದಿನಾ ಪ್ರಾರ್ಥನೆ ಮಾಡುತ್ತಿದ್ದಾರಂತೆ, ಬಿಸ್ಕತ್ತೂ ತಿನ್ನುತ್ತಿದ್ದಾರೆ. ನಾನೂ ಪ್ರಾರ್ಥನೆ ಮಾಡುತ್ತಿದ್ದೇನೆ, ಏನೆಂದು ಮಾತ್ರ ಕೇಳಬೇಡ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಹೊರಗೆ ಹೋಗು. ಸ್ವಾಮಿ ನಿನ್ನ ನಾಲಿಗೆಯನ್ನೂ ಮಂಡಿಯನ್ನೂ ಕಾಪಾಡಲಿ.

ನಿನ್ನ,
ವಿದಾದ್

ಮರೆತ ಮಾತು: ಮಂಗಳವಾರ ಬೆಳಿಗ್ಗೆ. ಜಾನೆಟ್‌ಳ ಕಾರು ಬಾಗಿಲಲ್ಲಿ ಹಾರನ್ ಹೊಡೆಯುತ್ತಿದೆ. ಈಗಷ್ಟೇ ದ್ರೋರಾ ಫೋನ್ ಮಾಡಿದ್ದಳು. ಪತ್ರವನ್ನು ಹರಿದು ಹಾಕಿದಳಂತೆ. ಹೊಸದು ಬರೆಯುತ್ತಾಳೆ, ಆದರೆ ಆ ಸಾಲುಗಳ ಬಗ್ಗೆ ನೀನು ಏನು ಹೇಳುತ್ತೀಯೋ ಅದನ್ನು ಕೇಳಿಸಿಕೊಂಡ ಮೇಲೆ. ಬುಧವಾರ ಸಂಜೆ ಏಳಕ್ಕೆ ನಿನಗೆ ಫೋನ್ ಮಾಡುತ್ತಾಳೆ, ಎತ್ತು. ‘ಬಿಶಾರಾ ಏನ್ ಹೇಳ್ತಾನೆ ವಿದಾದ್?’ ಅಂತ ನನ್ನನ್ನೇ ಕೇಳಿದಳು. ಮೂವತ್ತೆರಡು ವರ್ಷ ನಿನ್ನ ಜೊತೆ ಬಾಳಿದವಳು ನಾನು, ಗೊತ್ತಿಲ್ಲ ಅಂದೆ.