ಖಾಲಿ ಎಂದುಕೊಂಡ ಪಿಸ್ತೂಲು

ಹ್ಯಾಸ್ಕೆಲ್ ಕ್ರೀಕ್, ಆರ್ಕನ್ಸಾ
ನವೆಂಬರ್ 14

ನನ್ನ ಕೊರಿನ್,

ನೀನು, ನಿನ್ನ ಗಂಡ, ಪುಟ್ಟ ಜೋನಾ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯಲು ಕೂತಿದ್ದೇನೆ. ನೀನು ಅಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ಬಾಯಿ ತೆರೆದರೆ ಅಳು ಬರುತ್ತದೆ. ನಾನು ಅತ್ತರೆ ನಿಮ್ಮಪ್ಪ ಎದ್ದು ಕೊಟ್ಟಿಗೆಯ ಕಡೆ ಹೋಗಿಬಿಡುತ್ತಾರೆ, ಊಟಕ್ಕೂ ಬರುವುದಿಲ್ಲ. ಕಾಗದವಾದರೆ ನಿಲ್ಲಿಸಿ ನಿಲ್ಲಿಸಿ ಬರೆಯಬಹುದು.

ನಿನ್ನ ತಮ್ಮನ ಸುದ್ದಿ ಕಾನ್ಸಾಸ್ ಸಿಟಿಯ ಟಿ.ವಿ.ಯಲ್ಲೂ ಬಂತು ಎಂದು ನೀನು ಸಂದೇಶ ಕಳಿಸಿದ್ದೆ. ಅವರು ಏನು ಹೇಳಿದರೋ ಗೊತ್ತಿಲ್ಲ. ನನಗೆ ತಿಳಿದದ್ದನ್ನು ಮೊದಲಿನಿಂದ ಹೇಳುತ್ತೇನೆ.

ವೇಡ್ ತನ್ನ ಫುಟ್‌ಬಾಲ್ ತಂಡದ ಗೆಳೆಯರ ಜೊತೆ ಕಾಲೇಜಿನ ಹಿಂದಿನ ಬೀದಿಯಲ್ಲಿ ಮನೆ ಹಿಡಿದಿದ್ದನಲ್ಲ, ಆದದ್ದು ಅಲ್ಲೇ. ಆ ಶನಿವಾರ ತಂಡ ಗೆದ್ದಿತ್ತು. ಈ ವರ್ಷ ಸೇರಿದ ಹುಡುಗರನ್ನು ಕರೆಸಿ, ಒಬ್ಬೊಬ್ಬರನ್ನೇ ಮಂಡಿಯೂರಿಸಿ ಪ್ರಮಾಣ ಮಾಡಿಸುವುದು ಹಳಬರ ಆಟವಂತೆ. ಹಳಬರ ಮಾತು ಮೀರುವುದಿಲ್ಲ, ಇಲ್ಲಿ ಆದದ್ದನ್ನು ಹೊರಗೆ ಬಿಡುವುದಿಲ್ಲ, ಹೀಗೆ ಏನೇನೋ. ಅದನ್ನು ಹೇಳುವಾಗ ಹುಡುಗನ ಮುಖದ ಮುಂದೆ ಖಾಲಿ ಪಿಸ್ತೂಲು ಹಿಡಿಯುವುದು. ಪಿಸ್ತೂಲು ವೇಡ್‌ನದು. ಮನೆ ಬಿಟ್ಟು ಹೊರಗಿರುವ ಹುಡುಗ, ಜೊತೆಗಿರಲಿ ಎಂದು ನಿಮ್ಮಪ್ಪನೇ ಕೊಟ್ಟು ಕಳಿಸಿದ್ದರು.

ಮಂಡಿಯೂರಿದ್ದವನು ಟೆರೆನ್ಸ್ ಗ್ಯಾಡ್ಸನ್, ಮಿಸಿಸಿಪ್ಪಿ ನದಿ ದಂಡೆಯ ಕಡೆಯವನು. ಚೆಂಡು ಕೈಗೆ ಸಿಕ್ಕರೆ ಕಂಕುಳಲ್ಲಿ ಅವಚಿಕೊಂಡು ಯಾರೂ ಹಿಡಿಯಲಾರದ ಹಾಗೆ ಓಡುತ್ತಿದ್ದನಂತೆ. ವೇಡ್ ಪಿಸ್ತೂಲಿನ ಹಿಡಿಯಿಂದ ತೋಟಾಗಳ ಪಟ್ಟಿಯನ್ನು ಕಳಚಿ, ಎಲ್ಲರಿಗೂ ತೋರಿಸಿ ಮೇಜಿನ ಮೇಲಿಟ್ಟನಂತೆ. ಆದರೆ ಒಂದು ಗುಂಡು ಮೊದಲೇ ನಳಿಕೆಗೆ ಏರಿ ಕೂತಿತ್ತು. ವೇಡ್ ಟ್ರಿಗರ್ ಒತ್ತಿದ, ಅದು ಟೆರೆನ್ಸ್‌ನ ಕತ್ತಿನ ಬುಡಕ್ಕೆ ಹೊಕ್ಕಿತು. ಹುಡುಗ ಬದುಕಿದ್ದಾನೆ ಕೊರಿನ್. ಆದರೆ ಎದೆಯಿಂದ ಕೆಳಗೆ ಏನೂ ಅಲುಗಾಡುವುದಿಲ್ಲ.

ವೇಡ್‌ನನ್ನು ಜೈಲಿನಲ್ಲಿ ಗಾಜಿನ ಆಚೆ ಕೂರಿಸಿದ್ದರು. ನಾನು ಗಾಜಿಗೆ ಕೈಯಿಟ್ಟು ನಿಂತಿದ್ದೆ. ನಿಮ್ಮಪ್ಪ ಗಾಜಿನ ಪಕ್ಕದ ಫೋನ್ ತೆಗೆದುಕೊಂಡು, ಮಂದ ಕಿವಿಗೆಂದು ನನಗೂ ಕೇಳುವಷ್ಟು ಸದ್ದು ಜೋರು ಮಾಡಿ, "ನಾನು ಏನು ಕಲಿಸಿದ್ದೆ, ಹೇಳು" ಎಂದರು. ನಿನ್ನ ತಮ್ಮ ತರಗತಿಯ ಹುಡುಗನ ಹಾಗೆ ಒಪ್ಪಿಸಿದ.

"ಪಟ್ಟಿ ತೆಗೆದ್ಮೇಲೆ ನಳಿಕೆ ನೋಡು. ನೋಡಿದ್ಮೇಲೆ ಇನ್ನೊಂದ್ಸಲ ನೋಡು."

"ಆಮೇಲೆ?"

"ಖಾಲಿ ಇದ್ರೂ ಮನುಷ್ಯರ ಕಡೆ ಹಿಡೀಬೇಡ."

"ಚಿಕ್ಕೋನಿದ್ದಾಗ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ ಇದನ್ನ."

"ಗೊತ್ತಿತ್ತಪ್ಪ. ಎಲ್ಲಾ ಗೊತ್ತಿತ್ತು."

ನಿಮ್ಮಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಇಷ್ಟಾದರೂ ಅವರು ಪ್ರತಿ ವರ್ಷ ಊರಿನ ಮಕ್ಕಳಿಗೆ ಬಂದೂಕು ಹಿಡಿಯುವುದನ್ನು ಹೇಳಿಕೊಡುವ ಬೇಟೆ ಸುರಕ್ಷತೆಯ ತರಗತಿಯನ್ನು ಈ ಸಲವೂ ನಿಲ್ಲಿಸಲಿಲ್ಲ. ನಾನು ಬೇಡ ಎಂದೆ. "ಈಗ ನಿಲ್ಸಿದ್ರೆ ನಾನು ಕಲಿಸಿದ್ದೇ ತಪ್ಪು ಅಂದ ಹಾಗಾಗುತ್ತೆ" ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ನಾನೂ ಹೋಗಿ ಹಿಂದೆ ಕೂತೆ. ಶಾಲೆಯ ವ್ಯಾಯಾಮದ ಹಾಲ್ ನಿನಗೆ ನೆನಪಿದೆಯಲ್ಲ, ನೀನೂ ಅಲ್ಲೇ ಕಲಿತದ್ದು. ಆಗ ಹುಡುಗರು ಬಂದೂಕನ್ನು ಗಾಡಿಯ ಹಿಂದಿನ ಗಾಜಿಗೆ ತೂಗುಹಾಕಿಕೊಂಡೇ ಶಾಲೆಗೆ ಬರುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ಶಾಲೆಯವರು ಮರದ ಬಂದೂಕು ಬಿಟ್ಟು ಬೇರೆ ಏನನ್ನೂ ಒಳಗೆ ಬಿಡುವುದಿಲ್ಲ. ನಿಮ್ಮಪ್ಪ ಆ ಮರದ ತುಂಡನ್ನು ಹಿಡಿದು ಪಾಠ ಶುರುಮಾಡಿದರು. ಟಾಮಿ ಲಿನ್ ಎದ್ದು ನಿಂತಳು. ನಿಮ್ಮಪ್ಪನ ಹಳೆಯ ಶಿಷ್ಯೆ, ಮಗಳನ್ನು ಸೇರಿಸಲು ಬಂದಿದ್ದಳು.

"ಬೇಜಾರ್ ಮಾಡ್ಕೋಬೇಡಿ ಸ್ಟ್ರೌಡ್ ಸರ್. ಒಂದ್ಮಾತು ಕೇಳ್ತೀನಿ. ಆ ಪಿಸ್ತೂಲು ನಿಮ್ಮನೇಲಿದ್ದಾಗ ಎಲ್ಲಿಡ್ತಿದ್ರಿ?"

"ಹಾಸಿಗೆ ಪಕ್ಕದ ಡ್ರಾಯರ್‌ನಲ್ಲಿ."

"ಬೀಗ ಹಾಕಿ?"

"ಹಾಕ್ತಿರ್ಲಿಲ್ಲಮ್ಮ."

ಅವಳು ಮಗಳ ಜಾಕೆಟ್ಟಿನ ಗುಂಡಿ ಹಾಕಿ ಕರೆದುಕೊಂಡು ಹೋದಳು. ಆಮೇಲೆ ಒಬ್ಬೊಬ್ಬರೇ ಎದ್ದರು. ನಿಮ್ಮಪ್ಪ ಮರದ ಬಂದೂಕಿನ ಮೂತಿಯನ್ನು ಪಾಠದಲ್ಲಿ ಹೇಳುವ ಹಾಗೇ ನೆಲಕ್ಕೆ ತಿರುಗಿಸಿಕೊಂಡು ನಿಂತೇ ಇದ್ದರು.

ಮನೆಗೆ ಬರುವಾಗ ನನಗೆ ನಿನ್ನ ಮುಖವೇ ಕಣ್ಣ ಮುಂದೆ. ಎರಡು ವರ್ಷದ ಹಿಂದಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ. "ಜೋನಾ ತೆವಳ್ತಾ ಇದಾನಪ್ಪ, ಬಂದೂಕುಗಳಿಗೆ ಬೀಗ ಹಾಕ್ಸಿ" ಎಂದು ನೀನು ಎಷ್ಟು ಮೆತ್ತಗೆ ಕೇಳಿದ್ದೆ. "ನಮ್ಮ ಮನೇಲಿ ಕಲಿಕೆನೇ ಬೀಗ" ಎಂದು ಅವರು ಗುಡುಗಿದ್ದು, ಮೇಜಿಗೆ ಬಂದ ಟರ್ಕಿ ಕೋಳಿಯನ್ನು ಕತ್ತರಿಸುವ ಮೊದಲೇ ನೀನು ಮಗುವನ್ನು ಎತ್ತಿಕೊಂಡು ಹೊರಟದ್ದು. ಕಾರಿನಲ್ಲಿ ನಾವಿಬ್ಬರೂ ನಿನ್ನ ಹೆಸರೆತ್ತಲಿಲ್ಲ.

ನಿನ್ನೆ ವೇಡ್‌ನ ತಂಡದ ಕೋಚ್ ಹಾಲಿಸ್ ಬಂದಿದ್ದರು. ಕಾಫಿ ಕುಡಿದು, ನಿಮ್ಮಪ್ಪನ ಹೆಗಲ ಮೇಲೆ ಕೈಹಾಕಿ ಹೇಳಿದರು: "ನೋಡು ಮರ್ಲ್, ಹೋದ ವರ್ಷದ ಮಾತು ಯಾರ ಬಾಯಿಂದಲೂ ಬರೋದು ಬೇಡ. ನಾನು ಜಡ್ಜ್ ಮುಂದೆ ನಿಂತು ವೇಡ್ ಎಂಥಾ ಹುಡುಗ ಅಂತ ಹೇಳ್ತೀನಿ. ಈ ಕೌಂಟೀಲಿ ನನ್ನ ಮಾತು ನಡೆಯುತ್ತೆ."

ಹೋದ ವರ್ಷ ಏನು ಎಂದು ಕೇಳಿದೆ. ವೇಡ್ ಮನೆಯಲ್ಲಿ ಹೇಳಿರುತ್ತಾನೆ ಎಂದುಕೊಂಡಿದ್ದ ಕೋಚ್ ಆಗ ತಾವೇ ಬಾಯಿಬಿಟ್ಟರು. ಹೋದ ವರ್ಷವೂ ಇದೇ ಪ್ರಮಾಣದ ಆಟ ನಡೆದಿತ್ತಂತೆ, ಇದೇ ಪಿಸ್ತೂಲು. ಹೆದರಿದ ಒಬ್ಬ ಹುಡುಗ ಇವರಿಗೆ ಬಂದು ಹೇಳಿದ್ದ. ಪಂದ್ಯಗಳ ಕಾಲ. ವೇಡ್ ಆಡದೆ ತಂಡ ನಿಲ್ಲುತ್ತಿರಲಿಲ್ಲ. ಇವರು ವೇಡ್‌ನನ್ನು ನಾಲ್ಕು ದಿನ ಬೆಳಗ್ಗೆ ಮೈದಾನ ಸುತ್ತಿಸಿ ಅಲ್ಲಿಗೇ ಮುಗಿಸಿದರು. ಪಿಸ್ತೂಲನ್ನು ಕಸಿದುಕೊಳ್ಳಲೂ ಇಲ್ಲ, ನಮಗೆ ಒಂದು ಮಾತು ತಿಳಿಸಲೂ ಇಲ್ಲ.

ನಿಮ್ಮಪ್ಪ ಅವರ ಕೈ ಕುಲುಕಿದರು ಕೊರಿನ್. ಆ ಹುಡುಗ ಈಗಲೂ ಲಿಟಲ್ ರಾಕ್‌ನ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಅವನ ತಾಯಿ ಪಕ್ಕದಲ್ಲೇ ಇದ್ದಾಳೆ. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ನಿಮ್ಮಪ್ಪನಿಗೆ ಹೇಳಿದ್ದೇನೆ. ನಿಜವಾಗಿ ಹೋಗುವುದು ಆ ಆಸ್ಪತ್ರೆಗೆ. ಏನು ಹೇಳುತ್ತೇನೋ ಇನ್ನೂ ಗೊತ್ತಿಲ್ಲ. ನನಗಾಗಿ ಪ್ರಾರ್ಥಿಸು.

ನಿನ್ನ
ಅಮ್ಮ


ಹ್ಯಾಸ್ಕೆಲ್ ಕ್ರೀಕ್
ಏಪ್ರಿಲ್ 9

ಕೊರಿನ್, ಕಂದ,

ಇಷ್ಟು ತಿಂಗಳು ನಿನಗೆ ಒಂದು ಸಾಲೂ ಬರೆಯಲಿಲ್ಲ. ನೀನು ಜೋನಾನ ಫೋಟೋ ಕಳಿಸುತ್ತಲೇ ಇದ್ದೆ, ನಾನು ನೋಡಿ ಎತ್ತಿಡುತ್ತಿದ್ದೆ. ಕ್ಷಮಿಸು. ಕೋರ್ಟು ಮುಗಿಯುವವರೆಗೆ ಕೈ ಏಳಲಿಲ್ಲ.

ಆಸ್ಪತ್ರೆಗೆ ಹೋದೆ. ಟೆರೆನ್ಸ್‌ನ ತಾಯಿ ಬರ್ನಿಸ್ ಕೋಣೆಯಲ್ಲಿ ಟವೆಲುಗಳನ್ನು ಮಡಿಸುತ್ತಿದ್ದಳು. ನನ್ನ ಕಡೆ ತಿರುಗದೆ, "ಚರ್ಚಿನಿಂದ ತಿಂಡಿ ತಂದಿದ್ರೆ ಅಲ್ಲೇ ಇಟ್ಬಿಟ್ಟು ಹೋಗಿ, ಪುಣ್ಯ ಬರುತ್ತೆ" ಎಂದಳು.

"ನಾನು ವೇಡ್‌ನ ತಾಯಿ."

ಅವಳು ಕೈಯಲ್ಲಿದ್ದ ಟವೆಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. "ಕೂತ್ಕೊಳ್ಳಿ. ನಿಂತಿದ್ರೆ ನಾನು ಕತ್ತೆತ್ತಿ ನಿಮ್ಮನ್ನ ನೋಡ್ಬೇಕಾಗುತ್ತೆ."

ಕೂತೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಆ ಕೋಚು ನನ್ನ ಮನೆಗೆ ಬಂದು, ನನ್ನ ಸೋಫಾ ಮೇಲೆ ಕೂತು, 'ನಿಮ್ಮ ಹುಡುಗನ್ನ ನನ್ನ ಸ್ವಂತ ಮಗನ ಹಾಗೆ ನೋಡ್ಕೋತೀನಿ' ಅಂದ್ರು. ನಾನು ಇವನನ್ನ ಬೇರೆ ಕಾಲೇಜಿಗೆ ಕಳಿಸ್ಬೇಕು ಅಂತಿದ್ದೆ. ಅವರ ಮಾತು ನಂಬಿ ಇಲ್ಲಿಗೆ ಕಳಿಸಿದೆ. ಈಗ ಕೇಳಿದ್ರೆ, ಹುಡುಗರ ಹತ್ರ ಪಿಸ್ತೂಲಿದ್ದಿದ್ದು ತಂಡ ನೋಡ್ಕೊಳ್ಳೋ ನಮಗ್ಯಾರಿಗೂ ಗೊತ್ತಿರ್ಲಿಲ್ಲ ಅಂತಾರೆ. ನಿಜವಾ? ನೀವಾದ್ರೂ ಹೇಳಿ."

ಆಗ ಪರದೆಯ ಆಚೆಯಿಂದ ಹುಡುಗನ ಸ್ವರ ಬಂತು. "ಅಮ್ಮಾ, ಯಾರದು?"

"ಚರ್ಚಿನವರು ಕಣೋ. ನೀನು ಮಲಕ್ಕೋ."

ನಾನು ಯಾರೆಂದು ಅವಳು ಮಗನಿಂದ ಮುಚ್ಚಿಟ್ಟದ್ದು ನನ್ನ ಮೇಲಿನ ಕನಿಕರಕ್ಕಲ್ಲ, ಅವನ ನಿದ್ದೆ ಕೆಡದಿರಲಿ ಎಂದು. ಆದರೂ ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

"ಕೋಚಿಗೆ ಗೊತ್ತಿತ್ತು" ಎಂದೆ. ಹೋದ ವರ್ಷದ್ದೆಲ್ಲ ಹೇಳಿದೆ, ನಮ್ಮ ಮನೆಗೆ ಬಂದು ಅವರು ಆಡಿದ ಮಾತನ್ನೂ ಹೇಳಿದೆ.

ಬರ್ನಿಸ್ ನನ್ನನ್ನು ಮೊದಲ ಸಲ ನೇರವಾಗಿ ನೋಡಿದಳು. "ಇದನ್ನ ನಾನು ನಮ್ಮ ವಕೀಲರಿಗೆ ಹೇಳ್ತೀನಿ. ಆಗ ನಿಮ್ಮ ಮಗನ ಪರ ಯಾರೂ ನಿಲ್ಲಲ್ಲ. ಮೊದಲನೇ ಸಲ ಅಲ್ಲ ಅಂತ ಗೊತ್ತಾದ್ರೆ ಜಡ್ಜೂ ಬಿಡಲ್ಲ. ಗೊತ್ತಿದೆ ತಾನೆ?"

"ಗೊತ್ತಿದೆ."

"ನಾನು ನಿಮಗೆ ಥ್ಯಾಂಕ್ಸ್ ಹೇಳಲ್ಲ."

"ಬೇಡ" ಎಂದೆ.

ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿಬಿಟ್ಟೆ. ಅವರು ನನ್ನನ್ನು ಬೈಯಲಿಲ್ಲ. "ಅರ್ಲೀನ್, ಅವನಿಗಿದ್ದದ್ದು ಕೋಚ್ ಮಾತೊಂದೇ ಹಗ್ಗ. ಅದನ್ನೂ ನೀನೇ ಕೊಯ್ದೆ" ಎಂದರು, ಅಷ್ಟೆ. ಆ ದಿನದಿಂದ ನಿನ್ನ ಹಳೆಯ ಕೋಣೆಯಲ್ಲಿ ಮಲಗುತ್ತಾರೆ.

ಕೋಚನ್ನು ಕಾಲೇಜಿನವರು ತೆಗೆದುಹಾಕಿದರು. ತಂಡ ಉಳಿದಿದ್ದ ಪಂದ್ಯಗಳನ್ನೆಲ್ಲ ಸೋತಿತು, ಊರು ಅದನ್ನೂ ನನ್ನ ಲೆಕ್ಕಕ್ಕೇ ಬರೆಯಿತು. ಅಂಗಡಿಯಲ್ಲಿ ಡೆಲ್ಮಾ ನನ್ನ ಸಾಮಾನನ್ನು ಚೀಲಕ್ಕೆ ಹಾಕುತ್ತಾ, "ಇಪ್ಪತ್ತು ವರ್ಷ ಈ ಊರಿಗೆ ಹೆಸರು ತಂದೋನನ್ನ ಮುಗಿಸಿಬಿಟ್ರಲ್ಲ, ಈಗ ನೆಮ್ಮದೀನಾ?" ಎಂದಳು. ಮೊಟ್ಟೆಯನ್ನು ಬೇಕೆಂದೇ ಚೀಲದ ತಳಕ್ಕೆ ಹಾಕಿದಳು. ಟೆರೆನ್ಸ್ ಹೇಗಿದ್ದಾನೆ ಎಂದು ಇವತ್ತಿನವರೆಗೆ ಈ ಊರಿನಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ.

ವೇಡ್ ತಪ್ಪೊಪ್ಪಿಕೊಂಡ. ಎಂಟು ವರ್ಷ ಜೈಲು ಎಂದರು ಜಡ್ಜ್. ಬರ್ನಿಸ್ ಮಗನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದಿದ್ದಳು. ಅವನ ಕತ್ತಿಗೆ ಪಟ್ಟಿ ಕಟ್ಟಿದ್ದರು, ಅದಕ್ಕೇ ಯಾರನ್ನೂ ತಿರುಗಿ ನೋಡಲಾರ. ವೇಡ್ ಅವನ ಮುಂದೆ ಬಂದು ಮಾತಾಡಲು ಅಪ್ಪಣೆ ಕೇಳಿದ. ಟೆರೆನ್ಸ್ "ಬೇಡ" ಎಂದ. ಆ ಒಂದೇ ಮಾತು. ನಿನ್ನ ತಮ್ಮ ಕೂತುಬಿಟ್ಟ. ಕರೆದುಕೊಂಡು ಹೋಗುವಾಗ ನನ್ನ ಹತ್ತಿರ ಒಂದು ಗಳಿಗೆ ನಿಲ್ಲಿಸಿದರು. "ಅವನಮ್ಮಂಗೆ ಹೇಳೋಕ್ ಮುಂಚೆ ನನ್ನನ್ನ ಒಂದ್ಮಾತು ಕೇಳ್ಬಹುದಿತ್ತಮ್ಮ" ಎಂದ. ಕೇಳಿದ್ದರೆ ನೀನು ಏನೆನ್ನುತ್ತಿದ್ದೆ ಎಂದು ನಾನು ಅವನನ್ನು ಕೇಳಲಿಲ್ಲ. ಬೇಡ ಎನ್ನುತ್ತಿದ್ದನೇನೋ ಎಂಬ ಭಯ.

ಇನ್ನೊಂದು ಸುದ್ದಿ ಇದೆ. ಕೋರ್ಟಿನಿಂದ ಬಂದ ಮಾರನೆಯ ದಿನ ನಿಮ್ಮಪ್ಪ ಮನೆಯಲ್ಲಿದ್ದ ಬಂದೂಕುಗಳನ್ನೆಲ್ಲ ಗಾಡಿಗೆ ತುಂಬಿ ಶೆರಿಫ್ ಕಚೇರಿಗೆ ಕೊಟ್ಟು ಬಂದರು. ನಿಮ್ಮ ಮುತ್ತಜ್ಜನದನ್ನೂ ಬಿಡಲಿಲ್ಲ. ಅವುಗಳನ್ನು ಒರಗಿಸಿಡುತ್ತಿದ್ದ ನಡುಮನೆಯ ಬಾಗಿಲಿನ ಹಿಂದೆ ಈಗ ಏನೂ ಇಲ್ಲ. ತೆರೆದಾಗಲೆಲ್ಲ ಬಾಗಿಲು ಹೋಗಿ ಗೋಡೆಗೆ ಬಡಿಯುತ್ತದೆ, ಇಬ್ಬರೂ ಬೆಚ್ಚಿ ಬೀಳುತ್ತೇವೆ. ನಿನಗೆ ಹೇಳು ಎಂದು ಅವರು ಬಾಯಿಬಿಟ್ಟು ಕೇಳುವವರಲ್ಲ. ನಾನೇ ಹೇಳುತ್ತಿದ್ದೇನೆ. ಜೋನಾನನ್ನು ಕರೆದುಕೊಂಡು ಬಾ. ಒಂದು ದಿನದ ಮಟ್ಟಿಗಾದರೂ ಬಾ. ಈ ಮನೆಯಲ್ಲಿ ನಾವಿಬ್ಬರೇ ಎದುರು ಬದುರು ಕೂತು ತಿನ್ನಲಾರೆವು.

ದೇವರು ನಿನ್ನ ಮಗುವಿನ ಕೈಕಾಲು ಗಟ್ಟಿಯಾಗಿಟ್ಟಿರಲಿ. ನಿನ್ನ ಮನೆಯ ಮೇಲೆ ಅವನ ನೆರಳಿರಲಿ.

ನಿನ್ನ
ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಆ ದಿನ ಅಲ್ಲಿದ್ದ ಹುಡುಗನೊಬ್ಬ ತೆಗೆದ ವಿಡಿಯೋವನ್ನು ಕೋರ್ಟಿನಲ್ಲಿ ಹಾಕಿದರು. ನಾನು ಕಣ್ಣು ಮುಚ್ಚಿಕೊಂಡೆ, ಕಿವಿ ಮುಚ್ಚಿಕೊಳ್ಳಲು ನೆನಪಾಗಲಿಲ್ಲ. ಗುಂಡಿನ ಸದ್ದು ಆಯಿತು. ಅದರ ಹಿಂದೆಯೇ ನಗು. ವೇಡ್‌ನ ನಗು, ನನಗೆ ಗೊತ್ತಿಲ್ಲವೇ. ಏನಾಯಿತೆಂದು ತಿಳಿಯುವ ಮೊದಲಿನ ನಗು ಎಂದರು ನಮ್ಮ ವಕೀಲರು. ಇರಬಹುದು. ಆದರೆ ಅದು ಬೇಗ ನಿಲ್ಲಲಿಲ್ಲ ಕೊರಿನ್. ನಿಮ್ಮಪ್ಪ ಪರದೆ ನೋಡಲಾರದೆ ತಲೆ ತಗ್ಗಿಸಿದ್ದರು, ಅವರ ಕಿವಿ ಬಂದೂಕಿನ ಸದ್ದಿಗೆ ಮಂದವಾಗಿ ವರ್ಷಗಳಾದವಲ್ಲ. ನನ್ನ ಕಡೆ ಬಾಗಿ, "ಏನದು, ಏನು ಕೇಳಿಸ್ತಾ ಇದೆ?" ಎಂದರು. "ನಮ್ಮ ವೇಡ್ ಅಳ್ತಾ ಇದಾನೆ, ಟೆರೆನ್ಸ್ ಹೆಸರು ಹಿಡ್ಕೊಂಡು ಅಳ್ತಾ ಇದಾನೆ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಈಗ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಾರೆ, ಆ ಕ್ಷಣದಲ್ಲೇ ಅತ್ತನಂತೆ ನನ್ನ ಮಗ ಎಂದು. ನೀನು ಬಂದಾಗ ನಿನಗೂ ಹೇಳುತ್ತಾರೆ. ಹೌದಪ್ಪ ಅನ್ನು.