ರುದ್ರಾಣಿ ಎಂಬ ಹೆಸರಿನಲ್ಲಿ

ನ್ಯಾಮತಿ

ದುರ್ಗಾಂಬಿಕಾ ಮೇಡಂ ಅವರಿಗೆ ಶಿವಲೀಲಾಳ ನಮಸ್ಕಾರ.

ನಿಮ್ಮ ಮನೋವಿಜ್ಞಾನದ ಸಂಶೋಧನೆಗೆ ನಾನು ಕೊಟ್ಟ ಸಂದರ್ಶನ ಪುಸ್ತಕದಲ್ಲಿ ಅಚ್ಚಾಗಿದೆ. ಮಾತು ಕೊಟ್ಟಂತೆ ಹೆಸರು ಬದಲಿಸಿ ರುದ್ರಾಣಿ ಎಂದು ಹಾಕಿದ್ದೀರಿ. ಹೆಸರೇನೋ ಚೆನ್ನಾಗಿದೆ. ಆದರೆ "ಮಂದಿ ಮುಂದೆ ನಗು, ಮನೆಯೊಳಗೆ ಬಿಗು" ಎಂದು ತಮ್ಮನ ಬಗ್ಗೆ ನಾನಂದದ್ದನ್ನು ಹಾಗೆಯೇ ಬಿಟ್ಟಿದ್ದೀರಿ. ಈ ಊರಲ್ಲಿ ಹೀಗೆ ಪ್ರಾಸ ಕಟ್ಟಿ ಮಾತಾಡುವವಳು ನಾನೊಬ್ಬಳೇ ಮೇಡಂ. ಹಾಲು ಹಾಕುವವನಿಗೂ ಗೊತ್ತು.

ಆ ಪುಸ್ತಕವನ್ನು ತಮ್ಮನ ಮಗಳು ಸಿಂಚನಾಳ ಬಿ.ಎ. ತರಗತಿಯಲ್ಲಿ ಓದಿಸಿದ್ದಾರೆ. ಹೊನ್ನಾಳಿಯ ಕಾಲೇಜಿನಿಂದ ಬಂದವಳೇ ನೇರ ಅಡುಗೆಮನೆಗೆ ಬಂದು, "ಅತ್ತೆ, ಅಪ್ಪಾಜಿ ಆಸ್ಪತ್ರೆ ಸೇರಿದ್ದು ಹೊಟ್ಟೆನೋವಿಗಲ್ಲ ಅಲ್ಲೇನು? ಸಾಯಾಕೆ ಹೋಗಿದ್ರು ಅಂತ ಪುಸ್ತಕದಾಗೆ ನೀನೇ ಹೇಳೀಯಲ್ಲ" ಅಂದಳು. ತಮ್ಮನಿಗೆ ಕೇಳಿಸದಿರಲೆಂದು ನಾನು ಮೊದಲು ಅಡುಗೆಮನೆಯ ಬಾಗಿಲು ಮುಂದಕ್ಕೆ ಹಾಕಿದೆ.

ಬೇಡವೆನಿಸಿದರೆ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂದು ಸಹಿ ಹಾಕಿಸುವಾಗ ಹೇಳಿದ್ದಿರಿ. ಈಗ ಬೇಡವೆನಿಸಿದೆ. ಇನ್ನು ಅಚ್ಚು ಹಾಕಿಸುವಾಗ ನನ್ನ ಸಂದರ್ಶನ ತೆಗೆಯಿರಿ, ತರಗತಿಯಲ್ಲೂ ಓದಿಸುವುದು ಬೇಡ. ಕ್ಷಮೆ ಕೇಳಲೆಂದು ಮನೆಗೆ ಬರಬೇಡಿರಿ. ತಮ್ಮನಿಗೆ ಇದ್ಯಾವುದೂ ತಿಳಿದಿಲ್ಲ.

ಸಿಂಚನಾ ಕಾಲೇಜಿಗೆ ಹೋಗುತ್ತಿಲ್ಲ. ತಮ್ಮ ಹೊಲಕ್ಕೆ ಹೊರಟರೆ ಹಿಂದೆಯೇ ಹೋಗುತ್ತಾಳೆ, ಬಚ್ಚಲಲ್ಲಿ ತಡವಾದರೆ ಬಾಗಿಲು ಬಡಿಯುತ್ತಾಳೆ. ಅವಳಿಗೆ ಹೇಗೆ ಸಮಾಧಾನ ಹೇಳಲಿ ಎಂದು ತಿಳಿಸಿರಿ. ಉತ್ತರವನ್ನು ನಾನು ಕೆಲಸ ಮಾಡುವ ಅಂಗನವಾಡಿಯ ವಿಳಾಸಕ್ಕೆ ಹಾಕಿರಿ.

ತಮ್ಮ ಮಾತ್ರ ಖುಷಿಯಾಗಿದ್ದಾನೆ. ನಿನ್ನೆ ಊಟಕ್ಕೆ ಕೂತಾಗ, "ಅಕ್ಕಾ, ಈಗೀಗ ಮಗಳಿಗೆ ನನ್ನ ಮ್ಯಾಲೆ ಅಕ್ಕರೆ ಬಂದೈತೆ ನೋಡು" ಅಂದ.

ಇಂತಿ,
ಶಿವಲೀಲಾ