ಬೆಸ ಸಂಖ್ಯೆಯ ಮನೆಗಳ ಚಳಿ

ನಗರದ ಶಾಖ ಯೋಜನಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕಚೇರಿಯ ಮಾತು ನಂಬಿ ನನ್ನ ಮನೆಯ ಒಲೆಯನ್ನು ನಾನೇ ಮುಚ್ಚಿಸಿದೆ. ಈಗ ನನ್ನ ಹೆಂಡತಿ ಮೈ ಬೆಚ್ಚಗಾಗಿಸಿಕೊಳ್ಳಲು ದಿನಾ ಎದುರುಮನೆಗೆ ಹೋಗುತ್ತಾಳೆ. ದೂರು ಇಷ್ಟೇ. ನಿಮ್ಮ ಕ್ಷೇಮಸಮಾಚಾರ ಕೇಳುವುದಿಲ್ಲ. ನೀವು ಬೆಚ್ಚಗಿರುವುದನ್ನು ಕಣ್ಣಾರೆ ಕಂಡು ಬಂದಿದ್ದೇನೆ.

ಹೆಗಲ ಮೇಲೆ ಚೀಲ ಹೊತ್ತು ಮನೆಮನೆಗೆ ಪೊರಕೆ ಬ್ರಷ್ಷು ಮಾರುತ್ತ ಮೇಲೆ ಬಂದವನು ನಾನು. ಐವತ್ತು ವರ್ಷ ಈ ಊರಿನವರ ಬಾಗಿಲು ತಟ್ಟಿದ್ದೇನೆ. ಯಾರು ಕೊಳ್ಳುತ್ತಾರೆ, ಯಾರು ಬರೀ ಮಾತಾಡುತ್ತಾರೆ ಎಂದು ಹೊಸಿಲಲ್ಲೇ ಹೇಳಬಲ್ಲೆ. ಅಂಥವನು ನಿಮ್ಮ ಒಂದು ಕಾಗದಕ್ಕೆ ಮೋಸಹೋದೆ. ಹೊಸದಾಗಿ ಕೂರಿಸುವ ಯಾವುದೇ ತಾಪನ ವ್ಯವಸ್ಥೆಗೆ ನೂರಕ್ಕೆ ಅರವತ್ತೈದು ಪಾಲು ನವೀಕರಿಸಬಹುದಾದ ಇಂಧನ ಬೇಕು ಎಂದಿರಿ. ಒಪ್ಪಿದೆ. ಹೊರಗಿನ ಗಾಳಿಯ ಶಾಖವನ್ನು ಮನೆಯೊಳಗೆ ಎಳೆದು ತರುವ ಶಾಖ-ಪಂಪು ಹಾಕಲೇ ಎಂದು ಕೇಳಿದೆ. 'ಬೇಡ ಹೆರ್ ಬೋಸರ್ಟ್, ಗೆರ್ಬರ್ ಬೀದಿಗೆ ಈ ಶರತ್ಕಾಲದಲ್ಲೇ ಮನೆ ಕಾಯಿಸೋ ನಗರದ ಬಿಸಿನೀರಿನ ಕೊಳವೆ ಬರತ್ತೆ. ಸುಮ್ನೆ ಯಾಕೆ ಎರಡೆರಡು ಖರ್ಚು?' ಎಂದರು ನಿಮ್ಮ ಸಲಹೆಗಾರರು. ಅದೇ ಮಾತು ಮೊಹರು ಹಾಕಿಸಿಕೊಂಡು ಕಾಗದದಲ್ಲೂ ಬಂತು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಾವು ದಕ್ಷಿಣ ಜರ್ಮನಿಯ ಶ್ವಾಬಿಯದವರು. ಮೆಟ್ಟಿಲು ಗುಡಿಸುವ ಸರದಿ ಶನಿವಾರ ಬಂದರೆ ಶುಕ್ರವಾರವೇ ಗುಡಿಸಿ, ಗುಡಿಸಿದ್ದು ನೆರೆಯವರಿಗೆ ಕಾಣುವಂತೆ ಪೊರಕೆ ನಿಲ್ಲಿಸುವ ಜನ. ಗಡುವಿನವರೆಗೆ ಕಾಯುವುದೆಂದರೆ ನಮಗೆ ಅವಮಾನ. ಆಗಸ್ಟಿನಲ್ಲೇ ಮನೆ ಕಾಯಿಸುತ್ತಿದ್ದ ಹಳೆಯ ಎಣ್ಣೆ-ಹೀಟರನ್ನು ಟ್ಯಾಂಕಿನ ಸಮೇತ ಕೀಳಿಸಿದೆ. ನಡುಮನೆಯಲ್ಲಿದ್ದ ಹಸಿರು ಹೆಂಚಿನ ಕಟ್ಟಿಗೆ ಒಲೆಯನ್ನೂ ಬಿಡದೆ ಮೊಹರು ಹಾಕಿಸಿ ಮುಚ್ಚಿಸಿದೆ. ನಮ್ಮ ಮದುವೆಗೆ ನನ್ನ ಮಾವ ಕಟ್ಟಿಕೊಟ್ಟ ಒಲೆ ಅದು. ಹೆಂಡತಿ ಗುದ್ರುನ್ ಸಂಧಿವಾತದ ಬೆನ್ನನ್ನು ನಲವತ್ತಮೂರು ಚಳಿಗಾಲ ಅದಕ್ಕೇ ಒರಗಿಸಿದ್ದಾಳೆ.

'ಕೊಳವೆ ಬರ್ಲಿ, ಆಮೇಲೆ ಮುಚ್ಸು' ಅಂದಳು.

'ಎಲ್ಲರಿಗಿಂತ ಮೊದಲು ನಮ್ಮದಾಗ್ಬೇಕು ಕಣೇ' ಅಂದೆ.

'ಬಹುಮಾನ ಕೊಡ್ತಾರಾ?'

ಕೊಟ್ಟಿರಿ ಮಾನ್ಯರೇ. ಅಕ್ಟೋಬರಿನಲ್ಲಿ ಬೀದಿ ಅಗೆದಾಗ ನಮ್ಮ ಮಗ್ಗುಲಿನ ಕೆಳಗೆ ಹಳೆಯ ಮೋರಿಯೊಂದು ಸಿಕ್ಕಿತಂತೆ. ಕೊಳವೆ ಸಮ ಸಂಖ್ಯೆಯ ಮನೆಗಳತ್ತ ಸರಿಯಿತು. ಬೆಸ ಸಂಖ್ಯೆಯವರು 'ಮುಂದಿನ ಹಂತ'ದವರಾದೆವು. ಮುಂದಿನ ಹಂತ ಯಾವಾಗ? ಐದು ವರ್ಷದ ಮೇಲೆ.

ಶಾಖ-ಪಂಪಿನ ಮೇಸ್ತ್ರಿಗಳಿಗೆ ಏಪ್ರಿಲ್‌ವರೆಗೆ ಪುರುಸೊತ್ತಿಲ್ಲ. ವಿದ್ಯುತ್ ಹೀಟರು ಎರಡು ಹಚ್ಚಿದರೆ ಹಳೆಯ ಮನೆಯ ಫ್ಯೂಸು ಹಾರುತ್ತದೆ. ಒಲೆಯನ್ನಾದರೂ ಬಿಡಿಸೋಣವೆಂದು, ಅದಕ್ಕೆ ಮೊಹರು ಹಾಕಿದ್ದ ಚಿಮಣಿ ತಪಾಸಣೆಯ ಮೇಸ್ತ್ರಿ ವೈಡ್ಲೆಯನ್ನು ಕರೆದೆ. ಆತ ಕರಿ ಟೋಪಿ ಕೈಯಲ್ಲಿ ಹಿಡಿದು ನೆಲ ನೋಡಿದ.

'ಮುಚ್ಚದೇ ಇದ್ದಿದ್ರೆ ಹಳೇ ಒಲೆ, ಯಾರೂ ಮುಟ್ತಿರ್ಲಿಲ್ಲ. ಈಗ ಬಿಡಿಸಿದ್ರೆ ಲೆಕ್ಕಕ್ಕೆ ಅದು ಹೊಸ ಒಲೆ ಸ್ವಾಮಿ. ಹೊಸ ಒಲೆಗೆ ಹೊಗೆಯ ಹೊಸ ನಿಯಮ. ಕಚೇರಿಯವ್ರು ಬರೆದು ಕೊಟ್ರೆ ಐದೇ ನಿಮಿಷದ ಕೆಲಸ.'

ಕಟ್ಟಿಗೆ ನವೀಕರಿಸಬಹುದಾದ ಇಂಧನವೆಂದು ನಿಮ್ಮದೇ ಕೈಪಿಡಿಯ ಹನ್ನೊಂದನೆಯ ಪುಟ ಹೇಳುತ್ತದೆ. ಹಾಗಿದ್ದರೆ ನಲವತ್ತಮೂರು ವರ್ಷ ನವೀಕರಿಸಬಹುದಾದದ್ದನ್ನೇ ಉರಿಸಿದ ಒಲೆಯನ್ನು ನವೀಕರಣದ ಹೆಸರಿನಲ್ಲಿ ನಂದಿಸಿದ್ದು ಯಾವ ಜಾಣತನ? ಕೇಳೋಣವೆಂದು ಮೂರು ಬಾರಿ ಬಂದೆ. ಮೂರು ಬಾರಿಯೂ ನೀವು ಸಭೆಯಲ್ಲಿದ್ದಿರಿ. ಕಾಯುವ ಕೋಣೆಯ ಹೀಟರು ಮುಟ್ಟಿದರೆ ಸುಡುತ್ತಿತ್ತು. ಸೆಕೆಯೆಂದು ಮೇಲಿನ ಕಿಟಕಿಯನ್ನು ಯಾರೋ ಓರೆ ಮಾಡಿಟ್ಟಿದ್ದರು. ಅರವತ್ತೈದು ಪಾಲಿನಲ್ಲಿ ಆಕಾಶದ ಪಾಲೆಷ್ಟು ಮಾನ್ಯರೇ?

ನನ್ನ ಮನೆಯ ಶಾಖವನ್ನು ನೋಟುಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಅಡುಗೆಮನೆ ಹದಿನಾಲ್ಕು ಡಿಗ್ರಿ, ಮಲಗುವ ಕೋಣೆ ಹನ್ನೊಂದು. ಗುದ್ರುನ್‌ಳ ಬೆರಳುಗಳು ಈಗ ಗುಂಡಿಯನ್ನೂ ಹಾಕಲಾರವು, ನಾನೇ ಹಾಕುತ್ತೇನೆ. ಎದುರುಮನೆಯ ಟ್ರೌಗೊಟ್ ಸಮ ಸಂಖ್ಯೆಯವನು. ನಿಮ್ಮ ಕಾಗದವನ್ನು ಅವನು ಒಡೆದೂ ನೋಡಲಿಲ್ಲ. ಅವನ ಗೇಟಿನ ಮುಂದೆ ಕೊಳವೆ, ಮನೆಯೊಳಗೆ ಉರಿಯುವ ಒಲೆ. ಗಾಡಿ ನಿಲ್ಲಿಸುವ ಜಾಗದ ಜಗಳದಿಂದ ಒಂಬತ್ತು ವರ್ಷ ಮಾತು ಬಿಟ್ಟಿದ್ದವನು ಗುದ್ರುನ್ ಕೆಮ್ಮುವುದನ್ನು ಕೇಳಿ ತಾನೇ ಬಂದು ಕರೆದ. ನನ್ನತ್ತ ತಿರುಗಿ, 'ಏನಪ್ಪಾ ಲೂಟ್ಸ್, ಕೂಸು ಹುಟ್ಟೋಕೆ ಮುಂಚೇನೇ ಕುಲಾವಿ ಹೊಲಿಸಿದ್ಯಲ್ಲ! ನೀನೂ ಬಾ ಬೇಕಾದ್ರೆ' ಎಂದ.

ಅವಳು ಹೋದಳು. ನಾನು ಹೋಗಲಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದಾಗಿ ಹಚ್ಚುವ ಮಾಲೆಯ ನಾಲ್ಕು ಮೇಣದಬತ್ತಿಗಳಲ್ಲಿ ಮೊದಲನೆಯದರ ದಿನ ಕಳೆದ ಭಾನುವಾರ. ಗುದ್ರುನ್ ಮಾಲೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬೀದಿ ದಾಟಿದಳು. ನಲವತ್ತಮೂರು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯ ಬತ್ತಿ ಬೇರೆಯವರ ಕಿಟಕಿಯಲ್ಲಿ ಉರಿಯಿತು. ಕೋಟು ತೊಟ್ಟು ಇತ್ತಲಿಂದ ನೋಡಿದೆ.

ನನಗೆ ಪರಿಹಾರ ಬೇಡ, ಕ್ಷಮೆಯೂ ಬೇಡ, ಅವು ಉರಿಯುವುದಿಲ್ಲ. ಕೊಳವೆ ಬರುವವರೆಗೆ ಆ ಒಲೆ ಹಳೆಯ ಒಲೆಯೇ ಎಂದು ಒಂದು ಸಾಲು ಬರೆದು ಸಹಿ ಹಾಕಿ. ವೈಡ್ಲೆ ಐದು ನಿಮಿಷ ಕೇಳಿದ್ದಾನೆ. ನಿಮಗೆ ನಾಲ್ಕನೆಯ ಬತ್ತಿಯವರೆಗೆ ಸಮಯ ಕೊಡುತ್ತೇನೆ. ಅಷ್ಟರೊಳಗೆ ಆಗದಿದ್ದರೆ ನಾನೇ ಮೊಹರು ಒಡೆಯುತ್ತೇನೆ. ಹುಟ್ಟಿದಾಗಿನಿಂದ ಒಂದು ನಿಯಮವನ್ನೂ ಮುರಿದವನಲ್ಲ, ಎಪ್ಪತ್ತೊಂದರಲ್ಲಿ ಕಲಿಯುತ್ತೇನೆ. ದಂಡದ ಚೀಟಿಯನ್ನು ಮನೆಗೇ ತಂದು ಕೊಡಿ. ಒಳಗೆ ಬೆಚ್ಚಗಿರುತ್ತದೆ.

ಇಂತಿ,
ಹೇಳಿದ್ದಕ್ಕಿಂತ ಮೊದಲೇ ಮಾಡಿ ಮುಗಿಸಿ ಕೆಟ್ಟ,
ಲೂಟ್ಸ್ ಬೋಸರ್ಟ್
ಗೆರ್ಬರ್ ಬೀದಿ, ಮನೆ ಸಂಖ್ಯೆ ಹದಿನೇಳು
(ಸಂಜೆ ಹೊತ್ತು ಹೆಂಡತಿಯನ್ನು ಹದಿನೆಂಟರಲ್ಲಿ ವಿಚಾರಿಸಿ)